ಚೆಂಬೂರಿನ ಒಂದು ಸಣ್ಣ ಹೋಟೆಲಿನಿಂದ ಪರಿಸರಕ್ಕೆ ಎಷ್ಟು ಹಾನಿ? ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಮ್ಮದು ಕುಂದಾಪುರ ಕಡೆ. ಮುಂಬೈಯ ಚೆಂಬೂರಿನಲ್ಲಿ ಒಂದು ಸಣ್ಣ ಉಡುಪಿ ಹೋಟೆಲ್ ನಡೆಸುತ್ತೇವೆ. ಮನುಷ್ಯರಿಂದ ಪರಿಸರಕ್ಕೆ ಆಗುವ ಹಾನಿಯ ಬಗ್ಗೆ ಮಗಳಿಗೆ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರೆ. "ಅಪ್ಪಾ, ನಮ್ಮ ಹೋಟೆಲಿನಿಂದ ಏನೇನು ಹಾನಿ ಆಗುತ್ತೆ?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಪಕ್ಕದಲ್ಲೇ ದೇವನಾರ್ ಕಸದ ಗುಡ್ಡ, ಆ ಕಡೆ ರಿಫೈನರಿ ಹೊಗೆ, ಈ ಕಡೆ ಮೀಠಿ ನದಿ. ಇಷ್ಟೆಲ್ಲ ಇರುವಾಗ ನಮ್ಮಂಥವರು ಏನಾದರೂ ಮಾಡಿದರೆ ಪ್ರಯೋಜನ ಇದೆಯಾ? ಇದ್ದರೆ ಮೊದಲು ಏನು ಮಾಡಬೇಕು?

ಉತ್ತರ: ನಿಮ್ಮ ಮಗಳು ಬಹಳ ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ. ಪರಿಸರದ ಪಾಠದಲ್ಲಿ ಕಾಡು, ಕಾರ್ಖಾನೆ, ಓಝೋನ್ ಪದರ ಎಲ್ಲ ಬರುತ್ತವೆ. ದಿನಾ ಕಣ್ಣಿಗೆ ಬೀಳುವ ಅಡುಗೆಮನೆ ಮಾತ್ರ ಬರುವುದಿಲ್ಲ. ಅವಳು ಅದನ್ನೇ ಹಿಡಿದು ಕೇಳಿದ್ದಾಳೆ.

ಮೊದಲು ನಿಮ್ಮ ಅನುಮಾನಕ್ಕೆ ಉತ್ತರ ಹೇಳುತ್ತೇನೆ. ಚೆಂಬೂರಿನ ಗಾಳಿ ಕೆಟ್ಟಿದ್ದು ನಿಮ್ಮ ಇಡ್ಲಿ ಪಾತ್ರೆಯಿಂದಲ್ಲ. ಮಾಹುಲ್, ಅಂಬಾಪಾಡಾ ಸುತ್ತ ತೈಲ ಮತ್ತು ರಾಸಾಯನಿಕದ ಟ್ಯಾಂಕುಗಳಿಂದ ಹೊರಬೀಳುವ ಆವಿಯ ವಿರುದ್ಧ ಅಲ್ಲಿನ ಜನ ವರ್ಷಗಟ್ಟಲೆ ಹೋರಾಡಿದರು. 2020ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನಾಲ್ಕು ಕಂಪನಿಗಳಿಗೆ ಒಟ್ಟು 286 ಕೋಟಿ ರೂಪಾಯಿ ಕಟ್ಟಲು ಹೇಳಿತು. ಆ ಹಾನಿಯನ್ನು ನೀವು ಮೈಮೇಲೆ ಎಳೆದುಕೊಳ್ಳಬೇಕಾಗಿಲ್ಲ. ದೊಡ್ಡವರು ಮಾಡಿದ ಹಾನಿಗೆ ದೊಡ್ಡವರೇ ಉತ್ತರ ಕೊಡಬೇಕು, ಅದನ್ನು ಕೇಳುತ್ತಲೇ ಇರಬೇಕು. ಮಗಳ ಪ್ರಾಜೆಕ್ಟಿನಲ್ಲಿ ಈ ಮಾತು ಖಂಡಿತ ಇರಲಿ.

ಕಸದ ವಿಷಯ ಹಾಗಲ್ಲ. ಮುಂಬೈಯಲ್ಲಿ ದಿನಕ್ಕೆ ಆರು ಸಾವಿರ ಟನ್‌ಗಿಂತ ಜಾಸ್ತಿ ಕಸ ಏಳುತ್ತದೆ. ಅದರಲ್ಲಿ ನೂರಕ್ಕೆ ಸುಮಾರು 70 ಪಾಲು ಹಸಿ ಕಸ. ಅಂದರೆ ಅನ್ನ, ಪಲ್ಯ, ತರಕಾರಿ ಸಿಪ್ಪೆ, ಎಲೆ, ಚಹಾಪುಡಿ. ಇದು ಯಾವ ರಿಫೈನರಿಯಿಂದಲೂ ಬಂದದ್ದಲ್ಲ. ನಮ್ಮ ಮನೆಗಳಿಂದ, ನಿಮ್ಮಂಥ ಹೋಟೆಲುಗಳಿಂದ, ಮಂಡಿಗಳಿಂದ ಬಂದದ್ದು. ಹಾಗಾಗಿ ಇಲ್ಲಿ ನೀವು ಮಾಡುವ ಕೆಲಸಕ್ಕೆ ಬೆಲೆ ಇದೆ.

ನಾನು ಕಸ ಮತ್ತು ಚರಂಡಿ ನೀರಿನ ಕೆಲಸದಲ್ಲೇ ಇರುವವನು. ನನ್ನ ತಿಳಿವಳಿಕೆಯ ಪ್ರಕಾರ ಒಂದು ಹೋಟೆಲ್ ಮಾಡುವ ಹಾನಿಯಲ್ಲಿ ಬಹುಪಾಲು ಬೆರಕೆಯಿಂದ ಆಗುತ್ತದೆ. ಉಳಿದ ಅನ್ನ ಬೇರೆ ಇದ್ದರೆ ಗೊಬ್ಬರವಾಗುತ್ತದೆ, ಇಲ್ಲವೇ ಗ್ಯಾಸ್ ಆಗುತ್ತದೆ. ಹಾಲಿನ ಪ್ಯಾಕೆಟ್ ಬೇರೆ ಇದ್ದರೆ ಭಂಗಾರ್‌ವಾಲಾ (ಗುಜರಿಯವನು) ದುಡ್ಡು ಕೊಟ್ಟು ಒಯ್ಯುತ್ತಾನೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದ ಕ್ಷಣ ಎರಡೂ ಕೆಟ್ಟವು. ಆಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಚರಂಡಿಯಲ್ಲೂ ಇದೇ ಕಥೆ. ನೀರು, ಎಣ್ಣೆ, ಗಂಜಿ ಮೂರೂ ಒಂದೇ ಮೋರಿಗೆ ಇಳಿದರೆ ಅದನ್ನು ಮತ್ತೆ ಬಿಡಿಸಲು ಕೋಟಿಗಟ್ಟಲೆ ಖರ್ಚು. ನಿಮ್ಮ ಕೈಯಲ್ಲಿರುವಾಗ ಬಿಡಿಸಲು ಬೇಕಾದದ್ದು ಎರಡು ಬಕೆಟ್ ಮತ್ತು ಒಂದು ಜಾಲರಿ.

ಈ ಬೆರಕೆ ಚೀಲ ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇದು ಗೊತ್ತಾಗದೆ ಯಾರಿಗೂ ಬಕೆಟ್ ಬೇರೆ ಮಾಡುವ ಮನಸ್ಸು ಬರುವುದಿಲ್ಲ.

ದೇವನಾರಿನಲ್ಲಿ ಕಸ ಸುರಿಯಲು ಶುರುವಾಗಿದ್ದು 1927ರಲ್ಲಿ. ಮುಲುಂಡಿನ ಕಸದ ಜಾಗ 2018ರಲ್ಲಿ ಮುಚ್ಚಿತು. ಈಗ ನಗರದ ಬಹುಪಾಲು ಕಸ ಕಾಂಜೂರ್‌ಮಾರ್ಗಕ್ಕೆ ಹೋಗುತ್ತದೆ. ಉಳಿದದ್ದು ಇನ್ನೂ ದೇವನಾರಿಗೆ. ಎರಡೂ ಇರುವುದು ಠಾಣೆ ಖಾಡಿಯ, ಅಂದರೆ ಒಳಕ್ಕೆ ಚಾಚಿದ ಸಮುದ್ರದ ಹಿನ್ನೀರಿನ, ಅಂಚಿನಲ್ಲಿ. ಕಸ ರಾಶಿ ಬಿದ್ದಾಗ ಮೇಲಿನ ಪದರಕ್ಕೆ ಗಾಳಿ ಸಿಗುತ್ತದೆ. ಕೆಳಗಿನದಕ್ಕೆ ಸಿಗುವುದಿಲ್ಲ. ಗಾಳಿ ಇಲ್ಲದ ಜಾಗದಲ್ಲಿ ಬೇರೆ ಥರದ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಅವು ಅನ್ನವನ್ನು ತಿಂದು ಮೀಥೇನ್ ಬಿಡುತ್ತವೆ. ಕಸದ ಗುಡ್ಡದಿಂದ ಏಳುವ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧ ಮೀಥೇನ್ ಇರುತ್ತದೆ. 20 ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಮತ್ತೆ ಅದು ಉರಿಯುವ ಅನಿಲ ಬೇರೆ. ಒಳಗೇ ಬಿಸಿ ಏರುತ್ತದೆ, ಪಕ್ಕದಲ್ಲೇ ಪ್ಲಾಸ್ಟಿಕ್, ಬಟ್ಟೆ, ಥರ್ಮೋಕೋಲ್ ಇರುತ್ತದೆ. ಒಂದು ಕಿಡಿ ಸಾಕು.

2016ರ ಜನವರಿ ಕೊನೆಯಲ್ಲಿ ದೇವನಾರಿಗೆ ಹತ್ತಿದ ಬೆಂಕಿ ನಿಮಗೆ ನೆನಪಿರಬೇಕು. ದಿನಗಟ್ಟಲೆ ಹೊಗೆ. ಸುತ್ತಲಿನ ಪಾಲಿಕೆ ಶಾಲೆಗಳಿಗೆ ರಜೆ ಕೊಡಬೇಕಾಯಿತು. ನಾಸಾ ಉಪಗ್ರಹದ ಚಿತ್ರದಲ್ಲೂ ಆ ಹೊಗೆಯ ಪಟ್ಟಿ ಕಾಣಿಸಿತು. ಗೋವಂಡಿ, ಶಿವಾಜಿನಗರ, ಬೈಗನ್‌ವಾಡಿಯ ಜನ ಅದನ್ನು ಉಸಿರಾಡಿದರು. ನಗರದ ಅತಿ ಬಡವರು ಇರುವ ಜಾಗ ಅದು. ಸಿರಿವಂತರ ಮಲಬಾರ್ ಹಿಲ್‌ನ ಕಸದ ಹೊಗೆಯನ್ನು ಗೋವಂಡಿಯ ಮಗು ಕುಡಿಯುತ್ತದೆ. ಇದು ನನ್ನನ್ನು ಪ್ರತಿ ಸಲವೂ ಕಾಡುತ್ತದೆ. ಪರಿಸರ ಹಾನಿ ಎಲ್ಲರಿಗೂ ಸಮನಾಗಿ ಆಗುವುದಿಲ್ಲ ಎಂದು ಮಗಳ ಪ್ರಾಜೆಕ್ಟಿನಲ್ಲಿ ಒಂದು ಸಾಲು ಬರೆಸಿ. ಟೀಚರ್ ಕೇಳಿದರೆ ಈ ಉದಾಹರಣೆಯನ್ನೇ ಕೊಡಲಿ.

ಹೊಗೆ ಮೇಲಕ್ಕೆ ಹೋದರೆ ಕೆಳಗೆ ಇನ್ನೊಂದು ಇಳಿಯುತ್ತದೆ. ಕೊಳೆತ ಅನ್ನದ ನೀರು ಹುಳಿಯಾಗಿರುತ್ತದೆ. ಆ ಹುಳಿ ನೀರು ಬ್ಯಾಟರಿ, ಬಲ್ಬು, ಬಣ್ಣದ ಡಬ್ಬಿಗಳ ಮೇಲೆ ಹರಿದಾಗ ಅದರಲ್ಲಿರುವ ಲೋಹಗಳನ್ನು ಕರಗಿಸಿಕೊಳ್ಳುತ್ತದೆ. ಕಪ್ಪು ಕಷಾಯದಂತೆ ಅದು ಮಣ್ಣಿಗೆ, ಖಾಡಿಗೆ ಸೇರುತ್ತದೆ. ಅನ್ನ ತಾನಾಗಿ ವಿಷವಲ್ಲ, ಬ್ಯಾಟರಿಯೂ ಒಣಗಿದ್ದರೆ ಸುಮ್ಮನೆ ಬಿದ್ದಿರುತ್ತದೆ. ಎರಡೂ ಸೇರಿದರೆ ಮಾತ್ರ ಈ ಕಷಾಯ. ಇಷ್ಟು ದಶಕಗಳ ಈ ಬೆರಕೆಯನ್ನು ಬಿಡಿಸಲು 2025ರಲ್ಲಿ ಪಾಲಿಕೆ ಟೆಂಡರ್ ಕರೆಯಿತು. ದೇವನಾರಿನಲ್ಲಿ ತೆಗೆಯಬೇಕಾದ ಹಳೆಯ ಕಸ 185 ಲಕ್ಷ ಟನ್. ಖರ್ಚಿನ ಅಂದಾಜು ಎರಡು ಸಾವಿರ ಕೋಟಿ ರೂಪಾಯಿ ದಾಟಿದೆ.

ಈಗ ನಿಮ್ಮ ಹೋಟೆಲಿಗೆ ಬರೋಣ. ದಿನಕ್ಕೆ 50 ಕಿಲೋ ಹಸಿ ಕಸ ಬರುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 18 ಟನ್ ಆಯಿತು. ಚೆಂಬೂರು ಸ್ಟೇಷನ್ ಸುತ್ತ ನಿಮ್ಮಂಥ ಹೋಟೆಲುಗಳು ಎಷ್ಟಿವೆ, ನಿಮಗೇ ಗೊತ್ತು.

ಎಲ್ಲಕ್ಕಿಂತ ಮೊದಲು ಕಸವೇ ಆಗದಂತೆ ನೋಡುವುದು. ತಟ್ಟೆಯಲ್ಲಿ ಉಳಿಯುವ ಅನ್ನದ ಹಿಂದೆ ಗದ್ದೆಯ ನೀರು, ಗೊಬ್ಬರ, ಲಾರಿಯ ಡೀಸೆಲ್, ನಿಮ್ಮ ಭಟ್ಟರ ಬೆವರು ಎಲ್ಲ ಇದೆ. ಜಗತ್ತಿನ ಒಟ್ಟು ಹಸಿರುಮನೆ ಅನಿಲದಲ್ಲಿ ನೂರಕ್ಕೆ 8ರಿಂದ 10 ಪಾಲು ಹಾಳಾಗುವ ಆಹಾರದ ಲೆಕ್ಕಕ್ಕೆ ಬರುತ್ತದೆ. ರೈಸ್ ಪ್ಲೇಟಿನಲ್ಲಿ ಮೊದಲೇ ಗುಡ್ಡೆ ಅನ್ನ ಬಡಿಸುವ ಬದಲು ಸ್ವಲ್ಪ ಬಡಿಸಿ, ಬೇಕಾದರೆ ಮತ್ತೆ ಹಾಕುತ್ತೇವೆ ಎಂದು ಸಪ್ಲೈಯರ್ ಬಾಯಿಬಿಟ್ಟು ಹೇಳಲಿ. ಗಿರಾಕಿಗೆ ಕಡಿಮೆ ಕೊಟ್ಟರು ಅನ್ನಿಸಬಾರದು, ಅದು ಮುಖ್ಯ. ಯಾರೂ ಮುಟ್ಟದ ಉಪ್ಪಿನಕಾಯಿ, ಹಪ್ಪಳ, ಕೋಸಂಬರಿಯನ್ನು ಕೇಳಿ ಬಡಿಸಿ. ರಾತ್ರಿ ಉಳಿಯುವ ಹಿಟ್ಟು, ಸಾಂಬಾರಿನ ಲೆಕ್ಕವನ್ನು ಭಟ್ಟರ ಹತ್ತಿರ ಒಂದು ವಾರ ಬರೆಸಿ. ಯಾವ ದಿನ ಜಾಸ್ತಿ ಮಾಡುತ್ತೀರಿ ಎಂದು ಗೊತ್ತಾಗುತ್ತದೆ. ಇದರಲ್ಲಿ ಉಳಿಯುವ ದುಡ್ಡು ನೇರ ಗಲ್ಲಾಕ್ಕೆ ಬರುತ್ತದೆ. ಮುಂದೆ ಹೇಳುವ ಸಣ್ಣಪುಟ್ಟ ಖರ್ಚುಗಳಿಗೆ ಅದೇ ಆದೀತು.

ಆಮೇಲೆ ಬಕೆಟ್. ಹಸಿ ಕಸದ ಬಕೆಟ್ ಎಲ್ಲಿಡುತ್ತೀರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಹಿಂಬಾಗಿಲ ಹತ್ತಿರ ಇಟ್ಟರೆ ಕೆಲಸ ಆಗುವುದಿಲ್ಲ. ಅಷ್ಟು ದೂರ ಹೋಗುವಷ್ಟರಲ್ಲಿ ಎಲ್ಲ ಬೆರೆತಿರುತ್ತದೆ. ತಟ್ಟೆ ತೊಳೆಯುವವನ ಎಡಗೈ ಹತ್ತಿರ ಒಂದು, ತರಕಾರಿ ಹೆಚ್ಚುವ ಜಾಗದಲ್ಲಿ ಒಂದು, ಅಷ್ಟೇ. ಪೇಪರ್ ನ್ಯಾಪ್ಕಿನ್, ಟೂತ್‌ಪಿಕ್, ಸಕ್ಕರೆ ಪ್ಯಾಕೆಟ್‌ಗೆ ಟೇಬಲ್ ಒರೆಸುವ ಹುಡುಗನ ಹತ್ತಿರ ಬೇರೆ ಡಬ್ಬ. ನಿಮ್ಮ ಹುಡುಗರು ಉತ್ತರ ಪ್ರದೇಶದವರೂ ಇರಬಹುದು, ಒಡಿಶಾದವರೂ ಇರಬಹುದು, ನಮ್ಮೂರಿನವರೂ ಇರಬಹುದು. ಬೋರ್ಡ್ ಬರೆದು ಪ್ರಯೋಜನ ಇಲ್ಲ. ಹಸಿರು ಬಕೆಟ್, ನೀಲಿ ಬಕೆಟ್ ಎಂದು ಬಣ್ಣದಲ್ಲೇ ಹೇಳಿ. ಮೊದಲ ಹದಿನೈದು ದಿನ ಮಾಲಕರೇ ಅಲ್ಲಿ ನಿಂತು ನೋಡಬೇಕು. ಇದನ್ನು ಹುಡುಗರ ಮೇಲೆ ಹಾಕಿ ಗಲ್ಲಾದಲ್ಲಿ ಕೂತರೆ ಒಂದು ವಾರದಲ್ಲಿ ಮತ್ತೆ ಮೊದಲಿನ ಹಾಗೇ ಆಗುತ್ತದೆ.

ಬೇರೆ ಮಾಡಿದ ಹಸಿ ಕಸ ಎಲ್ಲಿಗೆ? ನಿಮ್ಮ ಹತ್ತಿರ ಜಾಗ ಇಲ್ಲ ಎಂದು ಗೊತ್ತು. ಮುಂಬೈಯಲ್ಲಿ ಯಾರ ಹತ್ತಿರ ಇದೆ? ಹೋಟೆಲಿನ ಮೇಲೆ ಅಥವಾ ಪಕ್ಕದಲ್ಲಿ ವಸತಿ ಸೊಸೈಟಿ ಇದ್ದರೆ ಅವರ ಜೊತೆ ಸೇರಿ ಗೊಬ್ಬರ ಮಾಡುವುದು ಒಂದು ದಾರಿ. ಸೊಸೈಟಿಯವರ ಹತ್ತಿರ ಒಣ ಎಲೆ ಇರುತ್ತದೆ, ನಿಮ್ಮ ಹತ್ತಿರ ಸಿಪ್ಪೆ ಇರುತ್ತದೆ. ಗೊಬ್ಬರಕ್ಕೆ ಎರಡೂ ಬೇಕು. ಇಂಗಾಲ ಮತ್ತು ಸಾರಜನಕ ಸುಮಾರು 30ಕ್ಕೆ 1ರ ಪ್ರಮಾಣದಲ್ಲಿ ಇದ್ದರೆ ರಾಶಿ ಚೆನ್ನಾಗಿ ಕಳಿಯುತ್ತದೆ. ಲೆಕ್ಕ ಹಾಕುತ್ತಾ ಕೂರಬೇಡಿ. ಒಂದು ಮುಷ್ಟಿ ತೆಗೆದು ಹಿಂಡಿ. ಒಂದೆರಡು ಹನಿ ಬಂದರೆ ಸರಿಯಾಗಿದೆ. ನೀರು ಸುರಿದರೆ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಇನ್ನಷ್ಟು ಹಾಕಿ. ಹೋಟೆಲಿನ ರಾಶಿ ನಾರುವುದಕ್ಕೆ ಮುಖ್ಯ ಕಾರಣ ಬೆಂದ ಅನ್ನ. ಅದು ಮುದ್ದೆಯಾಗಿ ಅಂಟಿಕೊಂಡು ಗಾಳಿಯನ್ನು ಒಳಗೆ ಬಿಡುವುದಿಲ್ಲ. ಗಾಳಿ ಇಲ್ಲದಿದ್ದರೆ ದೇವನಾರಿನಲ್ಲಿ ಆಗಿದ್ದೇ ನಿಮ್ಮ ಡ್ರಮ್ಮಿನಲ್ಲೂ ಆಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ತಿರುವಿ ಹಾಕಿದರೆ ರಾಶಿ 55, 60 ಡಿಗ್ರಿ ಬಿಸಿಯಾಗುತ್ತದೆ. ಆ ಬಿಸಿಗೆ ನೊಣದ ಹುಳು, ರೋಗದ ಕ್ರಿಮಿ ಸಾಯುತ್ತವೆ. ತೆಂಗಿನ ಚಿಪ್ಪನ್ನು ಇದಕ್ಕೆ ಹಾಕಬೇಡಿ, ಅದು ಕರಗಲು ವರ್ಷಗಳು ಬೇಕು. ಬೇರೆ ಗೋಣಿಯಲ್ಲಿ ಕೂಡಿಡಿ, ಇದ್ದಿಲು ಮಾಡುವವರಿಗೆ ಬೇಕಾಗುತ್ತದೆ. ಫಿಲ್ಟರ್ ಕಾಫಿಯ ಚರಟ ಮಾತ್ರ ಗೊಬ್ಬರಕ್ಕೆ ಬಹಳ ಒಳ್ಳೆಯದು.

ಒಂದು ಎಚ್ಚರಿಕೆ. "24 ಗಂಟೆಯಲ್ಲಿ ಗೊಬ್ಬರ" ಎಂದು ಯಂತ್ರ ಮಾರುವವರು ಹೋಟೆಲಿನವರನ್ನೇ ಹುಡುಕಿಕೊಂಡು ಬರುತ್ತಾರೆ. ಇಂಥ ಹೆಚ್ಚಿನ ಯಂತ್ರಗಳು ಕಸವನ್ನು ಬಿಸಿ ಮಾಡಿ ಒಣಗಿಸಿ ಪುಡಿ ಮಾಡುತ್ತವೆ. ಹೊರಗೆ ಬರುವುದು ಒಣಗಿದ ಅನ್ನದ ಪುಡಿ, ಗೊಬ್ಬರ ಅಲ್ಲ. ನೀರು ತಾಗಿದರೆ ಮತ್ತೆ ಕೊಳೆಯುತ್ತದೆ, ಗಿಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಮೇಲಿಂದ ಕರೆಂಟ್ ಬಿಲ್. ಸಣ್ಣ ಹೋಟೆಲಿಗೆ ಅದನ್ನು ನಾನು ಹೇಳುವುದಿಲ್ಲ.

ನಿಮ್ಮಂಥವರಿಗೆ ನನಗೆ ಸರಿ ಕಾಣುವುದು ಬಯೋಗ್ಯಾಸ್, ಅದೂ ನಾಲ್ಕಾರು ಹೋಟೆಲ್ ಸೇರಿ. ಬೆಂದ ಅನ್ನ, ಸಾಂಬಾರು, ಹಿಟ್ಟು ಇವು ಗೊಬ್ಬರಕ್ಕೆ ಕಷ್ಟ, ಗ್ಯಾಸಿಗೆ ಬಹಳ ಒಳ್ಳೆಯದು. ಇದಕ್ಕೆ ನೀವು ದೂರ ನೋಡಬೇಕಾಗಿಲ್ಲ. ನಿಮ್ಮ ಪಕ್ಕದ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲೇ ಡಾ. ಶರದ್ ಕಾಳೆ 'ನಿಸರ್ಗಋಣ' ಎಂಬ ಬಯೋಗ್ಯಾಸ್ ಘಟಕವನ್ನು ರೂಪಿಸಿದರು. ಇದರಲ್ಲಿ ಕಸವನ್ನು ಮೊದಲು ರುಬ್ಬಿ, ಗಾಳಿ ಮತ್ತು ಬಿಸಿನೀರು ಕೊಟ್ಟು ಒಂದು ತೊಟ್ಟಿಯಲ್ಲಿ ಮೆತ್ತಗೆ ಮಾಡುತ್ತಾರೆ. ಆಮೇಲೆ ಗಾಳಿ ಇಲ್ಲದ ದೊಡ್ಡ ತೊಟ್ಟಿಗೆ ಬಿಡುತ್ತಾರೆ. ಮೊದಲ ಹಂತ ಇರುವುದರಿಂದ ಕೆಲಸ ಬೇಗ ಆಗುತ್ತದೆ. ಗುಡ್ಡದಲ್ಲಿ ಕದ್ದು ಹೊರಬೀಳುವ ಅದೇ ಮೀಥೇನ್ ಇಲ್ಲಿ ಪೈಪಿನಲ್ಲಿ ಬಂದು ಒಲೆ ಉರಿಸುತ್ತದೆ. ಅಂದಾಜು 100 ಕಿಲೋ ಒಳ್ಳೆಯ ಹಸಿ ಕಸಕ್ಕೆ ನಾಲ್ಕೈದು ಕಿಲೋ ಎಲ್‌ಪಿಜಿಗೆ ಸಮನಾದ ಗ್ಯಾಸ್ ಸಿಗುತ್ತದೆ. ಆದರೆ ಒಂದು ಷರತ್ತು: ಒಂದು ಸ್ಟ್ರಾ, ಒಂದು ರಬ್ಬರ್ ಬ್ಯಾಂಡ್, ಒಂದು ಸಾಂಬಾರ್ ಪ್ಯಾಕೆಟ್ ಒಳಗೆ ಹೋದರೂ ಯಂತ್ರ ಕಟ್ಟಿಕೊಳ್ಳುತ್ತದೆ. ಇಂಥ ಘಟಕಗಳು ನಿಂತುಹೋಗುವುದು ಹೆಚ್ಚಾಗಿ ಈ ಕಾರಣಕ್ಕೇ.

1975ರಿಂದ ಮುಂಬೈಯಲ್ಲಿ ಕೆಲಸ ಮಾಡುತ್ತಿರುವ ಸ್ತ್ರೀ ಮುಕ್ತಿ ಸಂಘಟನೆ ಎಂಬ ಸಂಸ್ಥೆ ಇದೆ. ನಿಮ್ಮ ಭಾಗದಲ್ಲೇ ಕಸ ಆಯುವ ಹೆಂಗಸರಿಗೆ ಗೊಬ್ಬರ ಮಾಡುವುದನ್ನು, ಬಯೋಗ್ಯಾಸ್ ಘಟಕ ನಡೆಸುವುದನ್ನು ಅವರು ಕಲಿಸಿದ್ದಾರೆ. ಅಂಥವರನ್ನು ವಿಚಾರಿಸಿ. ಕಸದ ಗುಡ್ಡದ ಮೇಲೆ ಬರಿಗೈಯಲ್ಲಿ ಕೆದಕುವ ಹೆಂಗಸಿಗೆ ಸಂಬಳದ ಕೆಲಸ ಸಿಕ್ಕರೆ ಅದು ಕೂಡ ಪರಿಸರದ ಕೆಲಸವೇ ಎಂದು ನಾನು ನಂಬುತ್ತೇನೆ. ಕಾನೂನಿನ ಮಾತು ಬೇಕಿದ್ದರೆ, 2016ರ ಘನತ್ಯಾಜ್ಯ ನಿಯಮ ಬಂದಾಗಲೇ ಹೋಟೆಲಿನವರು ಕಸ ಬೇರೆ ಮಾಡಬೇಕು, ಹಸಿ ಕಸವನ್ನು ಆದಷ್ಟು ತಮ್ಮಲ್ಲೇ ಗೊಬ್ಬರ ಅಥವಾ ಗ್ಯಾಸ್ ಮಾಡಬೇಕು ಎಂದು ಹೇಳಿತ್ತು. ದಿನಕ್ಕೆ 100 ಕಿಲೋ ದಾಟಿದರೆ ನಿಯಮ ಇನ್ನೂ ಬಿಗಿ.

ಈಗ ಮೋರಿಗೆ ಬರೋಣ. ಚೆಂಬೂರಿನ ಮಳೆನೀರು ಬಹುಪಾಲು ಮೀಠಿಗೆ ಹೋಗುವುದಿಲ್ಲ, ಮಾಹುಲ್ ಖಾಡಿಯ ಕಡೆ ಇಳಿಯುತ್ತದೆ. ಆದರೆ ಮೀಠಿಗೆ ಆದದ್ದೇ ಇದಕ್ಕೂ ಆಗಿದೆ. ಮುಂಬೈಯಲ್ಲಿ ಮಳೆನೀರಿನ ಕಾಲುವೆ ಬೇರೆ, ಕೊಳಚೆ ಪೈಪು ಬೇರೆ. ಕಾಗದದ ಮೇಲೆ. ನಿಜದಲ್ಲಿ ಎಷ್ಟೋ ಕಡೆ ಹೋಟೆಲ್, ಗ್ಯಾರೇಜ್, ಚಾಳಿನ ಕೊಳಚೆ ನೇರವಾಗಿ ಮಳೆ ಕಾಲುವೆಗೆ ಹೋಗುತ್ತದೆ. ನಿಮ್ಮ ಮೋರಿ ಯಾವುದಕ್ಕೆ ಸೇರಿದೆ ಎಂದು ಇವತ್ತೇ ಪ್ಲಂಬರ್ ಕರೆಸಿ ನೋಡಿ. ಇದೊಂದು ಕೆಲಸವನ್ನು ದಯವಿಟ್ಟು ಮುಂದೆ ಹಾಕಬೇಡಿ.

ಹೋಟೆಲಿನ ಮೋರಿಯಲ್ಲಿ ಎರಡು ಶತ್ರುಗಳು. ಒಂದು ಎಣ್ಣೆ. ಬಿಸಿ ಇರುವಾಗ ಹರಿದು ಹೋಗುತ್ತದೆ, ಪೈಪಿನೊಳಗೆ ತಣ್ಣಗಾಗಿ ಗೋಡೆಗೆ ಅಂಟುತ್ತದೆ. ಅದಕ್ಕೆ ಅನ್ನದ ಅಗುಳು, ನ್ಯಾಪ್ಕಿನ್, ಪ್ಲಾಸ್ಟಿಕ್ ಅಂಟುತ್ತವೆ. ಹೀಗೆ ಪೈಪು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ಮುಂಬೈಯ ಹಳೆಯ ಮಳೆ ಕಾಲುವೆಗಳನ್ನು ಕಟ್ಟಿದ್ದೇ ಗಂಟೆಗೆ 25 ಮಿಲಿಮೀಟರ್ ಮಳೆಗೆ, ಅದೂ ಸಮುದ್ರ ಇಳಿದಿರುವಾಗ. ಇದನ್ನು 50ಕ್ಕೆ ಏರಿಸಬೇಕೆಂದು 1993ರಲ್ಲೇ ಯೋಜನೆ ಬಂತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಸುರಿಯಿತು. ಅಷ್ಟು ಮಳೆಗೆ ಯಾವ ಕಾಲುವೆಯೂ ಸಾಲದು, ನಿಜ. ಆದರೆ ಪ್ರತಿ ಜುಲೈಯಲ್ಲಿ ಬರುವ ಸಾಧಾರಣ ಮಳೆಗೂ ನೀರು ನಿಲ್ಲುತ್ತದಲ್ಲ, ಅದರಲ್ಲಿ ನಮ್ಮ ಎಣ್ಣೆಗೂ ಪ್ಲಾಸ್ಟಿಕ್ಕಿಗೂ ಪಾಲಿದೆ. ಸಿಂಕಿನ ಕೆಳಗೆ ಎಣ್ಣೆ ತಡೆಯುವ ಪೆಟ್ಟಿಗೆ ಹಾಕಿಸಿ. ಒಳಗೆ ಅಡ್ಡ ಪಟ್ಟಿಗಳಿರುತ್ತವೆ. ನೀರು ನಿಧಾನವಾಗುತ್ತದೆ, ಎಣ್ಣೆ ಮೇಲೆ ತೇಲಿ ಅಲ್ಲೇ ನಿಲ್ಲುತ್ತದೆ, ಅಗುಳು ಕೆಳಗೆ ಕೂರುತ್ತದೆ. ವಾರಕ್ಕೊಮ್ಮೆಯಾದರೂ ಅದನ್ನು ತೆಗೆದು ಸ್ವಚ್ಛ ಮಾಡಲೇಬೇಕು. ಮಾಡದಿದ್ದರೆ ಪೆಟ್ಟಿಗೆ ಇದ್ದೂ ಇಲ್ಲದ ಹಾಗೆ.

ವಡೆ, ಬಜ್ಜಿ ಕರಿದ ಹಳೆ ಎಣ್ಣೆಯನ್ನು ಮೋರಿಗೂ ಬಿಡಬೇಡಿ, ಫುಟ್‌ಪಾತಿನವರಿಗೂ ಮಾರಬೇಡಿ. ಪದೇಪದೇ ಕಾಯಿಸಿದ ಎಣ್ಣೆಯಲ್ಲಿ ಕೆಟ್ಟ ಅಂಶಗಳು ಕೂಡುತ್ತಾ ಹೋಗುತ್ತವೆ. ಅದು 25 ಪ್ರತಿಶತ ದಾಟಿದರೆ ಬಳಸಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಿಂದ ಮಿತಿ ಹಾಕಿದೆ. ದಿನಕ್ಕೆ 50 ಲೀಟರಿಗಿಂತ ಜಾಸ್ತಿ ಎಣ್ಣೆಯಲ್ಲಿ ಕರಿಯುವವರು ಲೆಕ್ಕ ಇಡಬೇಕು. ನಿಮ್ಮದು ಅಷ್ಟಿರಲಿಕ್ಕಿಲ್ಲ. ಆದರೂ ಡಬ್ಬದಲ್ಲಿ ಕೂಡಿಟ್ಟು ಅಧಿಕೃತವಾಗಿ ಒಯ್ಯುವವರಿಗೆ ಕೊಡಿ. ಅವರು ದುಡ್ಡೂ ಕೊಡುತ್ತಾರೆ, ಅದರಿಂದ ಬಯೋಡೀಸೆಲ್ ಆಗುತ್ತದೆ.

ಇನ್ನೊಂದು ಶತ್ರು ಗಂಜಿ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಏಕೆಂದರೆ ಅದು ಊಟದ ವಸ್ತು, ಬಿಳಿ ಬಣ್ಣ, ನಾರುವುದಿಲ್ಲ. ಆದರೆ ನೀರಿಗೆ ಬಿದ್ದ ಗಂಜಿ ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಅವು ಅದನ್ನು ತಿನ್ನುತ್ತಾ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಆಗ ಮೀನು ಸಾಯುತ್ತದೆ, ನೀರು ಕಪ್ಪಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಒಂದು ಲೀಟರ್ ಗಂಜಿ ಎಳೆಯುವ ಆಮ್ಲಜನಕ ಒಂದು ಲೀಟರ್ ಸಾಧಾರಣ ಕೊಳಚೆ ಎಳೆಯುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಅಳತೆಯ ನೀರಿಟ್ಟು ಸ್ಟೀಮಿನಲ್ಲಿ ಅನ್ನ ಮಾಡಿದರೆ ಬಸಿಯುವ ಗಂಜಿಯೇ ಇರುವುದಿಲ್ಲ. ಬಸಿಯಲೇಬೇಕಾದರೆ ಬಯೋಗ್ಯಾಸಿನ ಡ್ರಮ್ಮಿಗೆ ಹಾಕಿ.

ಮಾಹುಲ್ ಮತ್ತು ಶಿವಡಿಯ ಕೆಸರು ಬಯಲಿಗೆ ಚಳಿಗಾಲದಲ್ಲಿ ಫ್ಲೆಮಿಂಗೊ ಬರುತ್ತವೆ, ಮಗಳನ್ನು ಕರೆದುಕೊಂಡು ಹೋಗಿ ತೋರಿಸಿ. ಠಾಣೆ ಖಾಡಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಗೂ ಸೇರಿತು. ಆದರೆ ಹಕ್ಕಿ ಬಂದಿದೆ ಅಂದಮೇಲೆ ನೀರು ಚೆನ್ನಾಗಿದೆ ಎಂದು ಜನ ಮಾತಾಡುವುದನ್ನು ಕೇಳಿದ್ದೇನೆ. ಅದು ತಪ್ಪು. ಸಣ್ಣ ಫ್ಲೆಮಿಂಗೊ ತಿನ್ನುವುದು ನೀಲಿ ಹಸಿರು ಪಾಚಿಯನ್ನು. ನಮ್ಮ ಕೊಳಚೆಯಲ್ಲಿರುವ ಸಾರಜನಕ, ರಂಜಕದಿಂದ ಆ ಪಾಚಿ ಹುಲುಸಾಗಿ ಬೆಳೆಯುತ್ತದೆ. ಹಕ್ಕಿಗೆ ಸದ್ಯಕ್ಕೆ ಊಟ ಸಿಕ್ಕಿದೆ. ಅದೇ ನೀರಿನಲ್ಲಿ ಬಲೆ ಹಾಕುವ ಕೋಳಿ ಸಮುದಾಯದ ಮೀನುಗಾರರಿಗೆ ಮೀನು ಸಿಗುತ್ತಿಲ್ಲ. ಮಾಹುಲ್, ಟ್ರಾಂಬೆಯ ಕೋಳಿವಾಡಕ್ಕೆ (ಮೀನುಗಾರರ ಕೇರಿಗೆ) ಹೋಗಿ ವಯಸ್ಸಾದವರನ್ನು ಕೇಳಿದರೆ ಹೇಳುತ್ತಾರೆ.

ಪಾರ್ಸೆಲ್ ವಿಷಯ. ನಮ್ಮ ಉಡುಪಿ ಹೋಟೆಲುಗಳ ದೊಡ್ಡ ದೋಷ ಇದು: ತೆಳ್ಳಗಿನ ಪ್ಲಾಸ್ಟಿಕ್ ಚೀಲದಲ್ಲಿ ಕುದಿಯುವ ಸಾಂಬಾರು, ಮೇಲೆ ದಾರದ ಗಂಟು. ಬಿಸಿಗೆ ಪ್ಲಾಸ್ಟಿಕ್ಕಿನ ಅಂಶ ಸಾಂಬಾರಿಗೆ ಇಳಿಯುವ ಅಪಾಯ ಇದೆ. ತಿಂದಾದ ಮೇಲೆ ಎಣ್ಣೆ ಹತ್ತಿದ ಆ ಚೂರನ್ನು ಧಾರಾವಿಯ ರೀಸೈಕಲ್ ಮಾಡುವವರೂ ತೆಗೆದುಕೊಳ್ಳುವುದಿಲ್ಲ. ತೂಕ ಇಲ್ಲ, ತೊಳೆಯಲು ಆಗುವುದಿಲ್ಲ. ಅದು ನೇರ ನಾಲಾಕ್ಕೆ. ಮಹಾರಾಷ್ಟ್ರದಲ್ಲಿ 2018ರ ಮಾರ್ಚ್‌ನಿಂದಲೇ ಇಂಥ ಚೀಲಕ್ಕೆ ನಿಷೇಧ ಇದೆ. ಆದರೂ ಚಟ್ನಿಗೊಂದು, ಸಾಂಬಾರಿಗೊಂದು ಚೀಲ ಇನ್ನೂ ನಡೆಯುತ್ತಲೇ ಇದೆ. ಡಬ್ಬ ತಂದವರಿಗೆ ಐದು ರೂಪಾಯಿ ಕಡಿಮೆ ಮಾಡಿ, ಅದನ್ನು ಗಲ್ಲಾದ ಮುಂದೆ ದೊಡ್ಡದಾಗಿ ಬರೆಯಿರಿ. ದಿನಾ ಬರುವ ಗಿರಾಕಿಗಳಿಗೆ ಡಿಪಾಸಿಟ್ ಇಟ್ಟುಕೊಂಡು ಸ್ಟೀಲ್ ಡಬ್ಬ ಕೊಡಿ. ಸ್ಟೀಲ್ ಡಬ್ಬದ ಮೇಲೆ ನಿಂತ ಊರು ಇದು, ಇಲ್ಲಿ ಆಗದಿದ್ದರೆ ಇನ್ನೆಲ್ಲಿ ಆದೀತು? ದೋಸೆ, ಇಡ್ಲಿಗೆ ಬಾಳೆಲೆ, ಕಾಗದ ಸಾಕು. ಆ್ಯಪಿನ ಆರ್ಡರಿಗೆ ಕೇಳದೆ ಚಮಚ, ಸ್ಟ್ರಾ ಹಾಕಬೇಡಿ. ಪೇಪರ್ ಕಪ್ಪನ್ನು ಕಾಗದ ಎಂದುಕೊಳ್ಳಬೇಡಿ, ಒಳಗೆ ಪ್ಲಾಸ್ಟಿಕ್ ಪದರ ಇದೆ. "ಕಾಂಪೋಸ್ಟೆಬಲ್" ಎಂದು ಬರೆದ ಚೀಲದ ಮೇಲೆ ಐಎಸ್ 17088 ಗುರುತು ಇದೆಯಾ ನೋಡಿ. ಇದ್ದರೂ ಅದು ದೊಡ್ಡ ಘಟಕದ ಬಿಸಿಯಲ್ಲಿ ಮಾತ್ರ ಕರಗುತ್ತದೆ, ಖಾಡಿಯಲ್ಲಿ ಬಿದ್ದರೆ ಸುಲಭಕ್ಕೆ ಕರಗುವುದಿಲ್ಲ.

ಉಳಿದ ಒಂದೆರಡು ವಿಷಯ ಬೇಗ ಹೇಳಿಬಿಡುತ್ತೇನೆ. ತಂದೂರ್ ಇದ್ದರೆ ಇದ್ದಿಲು ಬಿಡಿ. ಸೌದೆ, ಕಲ್ಲಿದ್ದಲಿನ ಭಟ್ಟಿಗಳು ಆರು ತಿಂಗಳಲ್ಲಿ ಸ್ವಚ್ಛ ಇಂಧನಕ್ಕೆ ಬದಲಾಗಬೇಕು ಎಂದು ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲೇ ಹೇಳಿದೆ. ಫ್ರಿಜ್ಜಿನ ಬಾಗಿಲ ರಬ್ಬರ್ ಹರಿದಿದ್ದರೆ ಬದಲಿಸಿ. ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುವುದು ನಿಲ್ಲಲಿ. ಮುಂಬೈಯ ನೀರಿನಲ್ಲಿ ದೊಡ್ಡ ಪಾಲು ಭಾತ್ಸಾ, ತಾನ್ಸಾ ಮುಂತಾದ ಕೆರೆಗಳಿಂದ ಬರುತ್ತದೆ. ಅವು ಇರುವ ಶಹಾಪುರ ತಾಲೂಕಿನ ಹಳ್ಳಿಗಳೇ ಬೇಸಿಗೆಯಲ್ಲಿ ಟ್ಯಾಂಕರ್ ಕಾಯುತ್ತವೆ. ಅವರ ಊರಿನ ನೀರು ನಮ್ಮ ನಲ್ಲಿಯಲ್ಲಿ ಸುಮ್ನೆ ಹರಿದು ಹೋಗಬಾರದು ಅಲ್ವಾ?

ಹೋಟೆಲ್ ನವೀಕರಣ ಮಾಡುವಾಗ ಮಾತ್ರ ಒಂದು ಜಾಗ್ರತೆ ಬೇಕೇ ಬೇಕು. ಒಡೆದ ಟೈಲ್ಸ್, ಗಾರೆ, ಇಟ್ಟಿಗೆಯನ್ನು "ನಾನು ನೋಡಿಕೊಳ್ಳುತ್ತೇನೆ" ಎಂದು ಟೆಂಪೋದವನು ಕಡಿಮೆ ದುಡ್ಡಿಗೆ ಒಯ್ಯುತ್ತಾನೆ. ರಾತ್ರಿ ಅದು ಖಾಡಿ ಬದಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡಕ್ಕೆ ಬೀಳುತ್ತದೆ. ಕಾಂಡ್ಲಾ ಉಸಿರಾಡುವುದು ಕೆಸರಿನಿಂದ ಮೇಲಕ್ಕೆ ಚಾಚಿದ ಬೇರುಗಳಿಂದ. ಅದರ ಮೇಲೆ ಮಣ್ಣು ಬಿದ್ದರೆ ಗಿಡ ಉಸಿರುಗಟ್ಟಿ ಸಾಯುತ್ತದೆ. ಭರತದ (ಉಬ್ಬರದ) ನೀರನ್ನು ತಡೆದು ಹಿಡಿಯುವುದು ಅದೇ ಗಿಡ. ಕಾಂಡ್ಲಾ ಕಡಿಯುವುದನ್ನು ಹೈಕೋರ್ಟ್ 2005ರಲ್ಲೇ ತಡೆಯಿತು. 2018ರಲ್ಲಿ ಅದು ಜನರ ಬದುಕುವ ಹಕ್ಕಿಗೇ ಧಕ್ಕೆ ಎಂದು ತೀರ್ಪು ಕೊಟ್ಟಿತು. ಪಾಲಿಕೆಯ 'ಡೆಬ್ರಿಸ್ ಆನ್ ಕಾಲ್' ಸೇವೆ ಇದೆ, ದುಡ್ಡು ಕೊಟ್ಟು ಅದನ್ನೇ ಕರೆಸಿ, ರಸೀದಿ ತೆಗೆದುಕೊಳ್ಳಿ.

ಇಷ್ಟನ್ನೂ ಒಂದೇ ತಿಂಗಳಲ್ಲಿ ಮಾಡಲು ಹೊರಟರೆ ಭಟ್ಟರಿಂದ ಹಿಡಿದು ಹುಡುಗರವರೆಗೆ ಎಲ್ಲರೂ ಬೇಸತ್ತು ಬಿಡುತ್ತಾರೆ. ಮೊದಲ ವಾರ ಏನೂ ಬದಲಿಸಬೇಡಿ. ಒಂದು ತಕ್ಕಡಿ ತನ್ನಿ. ದಿನಾ ರಾತ್ರಿ ಕಸ ಹೊರಗೆ ಹೋಗುವ ಮೊದಲು ತೂಕ ಮಾಡಿ. ತಟ್ಟೆಯಲ್ಲಿ ಉಳಿದದ್ದು, ಅಡುಗೆಮನೆಯ ಸಿಪ್ಪೆ, ಉಳಿದ ಅಡುಗೆ, ಪ್ಲಾಸ್ಟಿಕ್ ಬೇರೆ ಬೇರೆ ಬರೆಯಿರಿ. ಬರೆಯುವ ಕೆಲಸ ಮಗಳಿಗೇ ಕೊಡಿ, ಪ್ರಾಜೆಕ್ಟಿಗೆ ಅದಕ್ಕಿಂತ ಒಳ್ಳೆಯದು ಬೇರೆ ಬೇಕಿಲ್ಲ. ಎರಡನೇ ವಾರ ಬಕೆಟ್ ಬೇರೆ ಮಾಡಿ, ಮತ್ತೆ ತೂಕ ಮಾಡಿ. ಆ ಕಾಗದ ಹಿಡಿದು ಪಕ್ಕದ ಮೂರು ನಾಲ್ಕು ಹೋಟೆಲ್ ಮಾಲಕರ ಹತ್ತಿರ ಹೋಗಿ. ನಮ್ಮವರೇ ಇರುತ್ತಾರೆ, ಮಾತು ಸುಲಭ. ಒಬ್ಬರ 50 ಕಿಲೋ ಒಯ್ಯಲು ಯಾರೂ ಗಾಡಿ ಕಳಿಸುವುದಿಲ್ಲ. ಐದು ಹೋಟೆಲಿನ 250 ಕಿಲೋ ಶುದ್ಧ ಹಸಿ ಕಸ ದಿನಾ ಒಂದೇ ಗಲ್ಲಿಯಲ್ಲಿ ಸಿಗುತ್ತದೆ ಅಂದರೆ ಬಯೋಗ್ಯಾಸ್ ನಡೆಸುವವರು ತಾವಾಗಿ ಬರುತ್ತಾರೆ. ವಾರ್ಡ್ ಆಫೀಸಿನಲ್ಲಿ ಹಸಿ ಕಸಕ್ಕೆ ಬೇರೆ ಗಾಡಿ ಕೇಳುವಾಗಲೂ ಐವರ ಸಹಿ ಇರುವ ಅರ್ಜಿ, ಜೊತೆಗೆ ತೂಕದ ಪಟ್ಟಿ ಇಟ್ಟುಕೊಂಡು ಹೋಗಿ. ನೀವು ಬೇರೆ ಮಾಡಿ ಕೊಟ್ಟದ್ದನ್ನು ಗಾಡಿಯವರು ಮತ್ತೆ ಬೆರೆಸಿದರೆ ಫೋಟೊ ತೆಗೆದು, ದಿನಾಂಕ ಬರೆದು, ಅದೇ ಅರ್ಜಿಯ ಕೆಳಗೆ ಸೇರಿಸಿ ಮತ್ತೆ ಕೊಡಿ.